ಕಾಡ್ಗಿಚ್ಚು ಆರಿದ ಮೇಲೆ ದನಗಳ ಪಾಡು

ಬೆಳಗಾವಿಯ ವಡಗಾವಿ. ನೇಕಾರರ ಓಣಿಯಲ್ಲಿ ಇನ್ನೂ ಮಗ್ಗಗಳ ಸದ್ದು ಎದ್ದಿಲ್ಲ. ಮಾರ್ಚ್ ತಿಂಗಳ ಒಂದು ಮುಂಜಾವಿನಲ್ಲಿ ಖಾನಾಪುರದ ಕಡೆಯಿಂದ ಹಾಲು ತರುವ ಮುದುಕನೊಬ್ಬನು ಬಾಗಿಲಲ್ಲಿ ನಿಂತು ಕೊಳಗ ಇಳಿಸುತ್ತಾನೆ. ಮನೆಯಾಕೆ ಪಾತ್ರೆಯೊಳಗೆ ಬಗ್ಗಿ ನೋಡಿ ಹುಬ್ಬು ಗಂಟಿಕ್ಕುತ್ತಾಳೆ.

“ಏನ ಕಾಕಾ, ಇವತ್ತೂ ಅರ್ಧಾ ಲೀಟರ ಕಮ್ಮಿ! ಮ್ಯಾಲ ಹಾಲಿನ್ಯಾಗ ಏನೋ ಒಂಥರಾ ವಾಸನಿ ಬರಾಕತ್ತೈತಿ.”

“ನೀರ ಹಾಕಿಲ್ಲ ಅಕ್ಕಾರ, ದೇವರಾಣಿ. ಗುಡ್ಡಕ್ಕ ಬೆಂಕಿ ಬಿದ್ದೈತ್ರಿ. ಮೂರ ದಿನಾ ಆತು, ಎಮ್ಮಿ ಮೇವು ಮುಟ್ಟವಲ್ಲವು. ಹೊಗಿ ಕುಡದ ಎಮ್ಮಿ ಹಾಲ ಎಲ್ಲಿಂದ ಕೊಡತೈತ್ರಿ?”

ಬೇಸಗೆಯಲ್ಲಿ ಇಂತಹ ಮಾತು ಕಿವಿಗೆ ಬಿದ್ದಾಗ ಪಟ್ಟಣದವರಾದ ನಾವು ನಂಬುವುದಿಲ್ಲ. ಹಾಲು ಮಾರುವವನ ನೆಪಗಳ ಪಟ್ಟಿಗೆ ಇದೊಂದು ಹೊಸ ನೆಪ ಸೇರಿತೆಂದು ನಕ್ಕು ಬಿಡುತ್ತೇವೆ. ಆದರೆ ವಾಚಕರೇ, ಆ ಮುದುಕನ ಮಾತಿನಲ್ಲಿ ಸುಳ್ಳಿಲ್ಲ. ಇಪ್ಪತ್ತೈದು ಮೂವತ್ತು ಮೈಲಿ ದೂರದ ಗುಡ್ಡದಲ್ಲಿ ಎದ್ದ ಬೆಂಕಿಯು ವಡಗಾವಿಯ ಹಾಲಿನ ಪಾತ್ರೆಯನ್ನೂ, ಪೇಟೆಯ ಕುಂದಾ ಕಡಾಯಿಯನ್ನೂ, ಮಾಂಸದ ಅಂಗಡಿಯ ತಕ್ಕಡಿಯನ್ನೂ ಮುಟ್ಟಬಲ್ಲದು. ಅದು ಹೇಗೆಂಬುದನ್ನು ಕೂಲಂಕಷವಾಗಿ ನೋಡುವುದೇ ಈ ಲೇಖನದ ಉದ್ದೇಶ.

ಬೆಂಕಿಯ ಸೀಮೆ

ಖಾನಾಪುರ ತಾಲೂಕಿನ ಪಶ್ಚಿಮ ಭಾಗವು ಸಹ್ಯಾದ್ರಿಯ ನೆತ್ತಿ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಮೂಡಲಿಗೆ ಹರಿಯುತ್ತಾಳೆ. ಅನತಿದೂರದಲ್ಲಿಯೇ ಮಹಾದಾಯಿ ಹುಟ್ಟಿ ಪಡುವಲಿಗೆ ಇಳಿದು ಗೋವೆಯಲ್ಲಿ ಮಾಂಡವಿಯಾಗುತ್ತಾಳೆ. ಈ ನದಿಮೂಲಗಳ ಸುತ್ತಲಿನ ಕಾಡಿನಲ್ಲಿ ೧೯೦ ಚದರ ಕಿಲೋಮೀಟರಿನಷ್ಟು ಭಾಗವನ್ನು ೨೦೧೧ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಸಾರಲಾಯಿತು. ಮಳೆಗಾಲದಲ್ಲಿ ಇಲ್ಲಿ ದಿನಗಟ್ಟಲೆ ಸೂರ್ಯದರ್ಶನವಿಲ್ಲ. ಅಷ್ಟು ಮಳೆ ಕುಡಿದ ನೆಲಕ್ಕೆ ಬೆಂಕಿಯ ಭಯವೇ ಎಂದು ಹೊಸಬರು ಕೇಳಬಹುದು. ಭಯಕ್ಕೆ ಮೂಲವೇ ಆ ಮಳೆ. ಅದರಿಂದ ಆಳೆತ್ತರ ಬೆಳೆದ ಹುಲ್ಲು ಸಂಕ್ರಾಂತಿ ಕಳೆಯುತ್ತಲೆ ಒಣಗಿ ನಿಲ್ಲುತ್ತದೆ. ಮತ್ತಿ, ಹೊನ್ನೆ, ಜಂಬೆ, ಸಾಗುವಾನಿ ಮರಗಳು ಎಲೆ ಉದುರಿಸಿ ನೆಲಕ್ಕೆ ಗರಗರನೆಯ ಹಾಸಿಗೆ ಹಾಸುತ್ತವೆ. ಫೆಬ್ರುವರಿಯಿಂದ ಮೇ ತಿಂಗಳ ಮೊದಲ ಮಳೆಯವರೆಗೆ ಒಂದು ಬೀಡಿಯ ತುಂಡು ಸಾಕು.

೨೦೨೩ರ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಖಾನಾಪುರದ ಗಡಿಗೆ ಹೊಂದಿಕೊಂಡಿರುವ ಗೋವೆಯ ಮಹಾದಾಯಿ ಅಭಯಾರಣ್ಯದಲ್ಲಿ ಬೆಂಕಿ ಎದ್ದಿತು. ಒಂದೆಡೆ ಆರಿಸಿದರೆ ಇನ್ನೊಂದೆಡೆ ಏಳುತ್ತ ದಿನಗಟ್ಟಲೆ ಉರಿಯಿತು. ಕಡೆಗೆ ವಾಯುಸೇನೆ ಹಾಗೂ ನೌಕಾಸೇನೆಯ ಹೆಲಿಕಾಪ್ಟರುಗಳು ಬೃಹತ್ತಾದ ಚೀಲಗಳಲ್ಲಿ ನೀರು ತುಂಬಿ ತಂದು ಸುರಿಯಬೇಕಾಯಿತು. ಬೆಂಕಿಗೆ ರಾಜ್ಯಗಳ ಗಡಿ ಗೊತ್ತಿಲ್ಲ. ಹೊಗೆಗಂತೂ ಮೊದಲೇ ಗೊತ್ತಿಲ್ಲ.

ಈ ಕಾಡಿನಲ್ಲಿ ಮನುಷ್ಯರೂ ಇದ್ದಾರೆ, ಸಾಕುಪ್ರಾಣಿಗಳೂ ಇವೆ. ಗೌಳಿ ಜನಾಂಗದವರು ತಲೆತಲಾಂತರದಿಂದ ಎಮ್ಮೆ ಕಟ್ಟಿಕೊಂಡು ಗೌಳಿವಾಡಾಗಳಲ್ಲಿ ಬಾಳುತ್ತ ಬಂದಿದ್ದಾರೆ. ಕಾಡಂಚಿನ ಒಕ್ಕಲಿಗನ ಮನೆಯಲ್ಲಿಯೂ ಎರಡು ಎಮ್ಮೆ, ಒಂದು ಜೊತೆ ಎತ್ತು ಇರುವುದು ಸಾಮಾನ್ಯ. ಬೆಳಗಾವಿ ಸೀಮೆಯೂ ಸೇರಿದ ಉತ್ತರ ಕರ್ನಾಟಕದ ಧಾರವಾಡಿ ಎಮ್ಮೆಯನ್ನು ಒಂದು ಪ್ರತ್ಯೇಕ ತಳಿಯೆಂದು ೨೦೨೧ರಲ್ಲಿ ರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಇಂತಹ ಮನೆಗೆ ಎಮ್ಮೆಯೇ ಬ್ಯಾಂಕು. ಮಗಳ ಮದುವೆಗೂ ಮಗನ ಓದಿಗೂ ಅದೇ ಆಧಾರ.

ಜ್ವಾಲೆ ಮುಟ್ಟಿದಾಗ

ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ೨೦೨೪ರ ಫೆಬ್ರುವರಿ ಕೊನೆಯಲ್ಲಿ ಹುಲ್ಲುಗಾವಲುಗಳಿಗೆ ಹತ್ತಿದ ಒಂದೇ ಬೆಂಕಿಯಲ್ಲಿ ಹತ್ತು ಲಕ್ಷ ಎಕರೆಗೂ ಮಿಕ್ಕ ಭೂಮಿ ಸುಟ್ಟಿತು. ಆ ದಿನಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ದನಗಳು ಸತ್ತವೆಂದು ಅಲ್ಲಿಯ ಅಧಿಕಾರಿಗಳು ಅಂದಾಜು ಮಾಡಿದರು. ಮಾಂಸಕ್ಕಾಗಿಯೇ ಸಾಕಿದ ದನಗಳವು. ಮೈಲಿಗಟ್ಟಲೆ ತಂತಿಬೇಲಿಯ ಒಳಗೆ ಮೇಯುತ್ತಿದ್ದವು. ಬೆಂಕಿ ಬಂದಾಗ ಬೇಲಿಯ ಮೂಲೆಗೆ ಓಡಿ ಅಲ್ಲಿಯೇ ಸಿಕ್ಕಿಬಿದ್ದವು.

ನಮ್ಮ ಕಡೆ ಅಂತಹ ಬೇಲಿಗಳಿಲ್ಲ. ನಮ್ಮ ಕಾಡುಬೆಂಕಿ ಬಹುಮಟ್ಟಿಗೆ ನೆಲಬೆಂಕಿ. ತರಗೆಲೆ, ಹುಲ್ಲುಗಳನ್ನು ನೆಕ್ಕುತ್ತ ಹೋಗುವಂಥದು. ಬಿಟ್ಟ ದನ ಅದನ್ನು ತಪ್ಪಿಸಿಕೊಂಡು ಪಾರಾಗಬಹುದು. ಅಪಾಯವಿರುವುದು ಕಟ್ಟಿದ ದನಕ್ಕೆ. ಕೊಟ್ಟಿಗೆಯ ಮಗ್ಗುಲಲ್ಲಿಯೇ ಬತ್ತದ ಹುಲ್ಲಿನ ಬಣವೆ, ಮೇಲೆ ಹುಲ್ಲಿನ ಸೂರು, ಕೊರಳಲ್ಲಿ ಬಿಗಿದ ಕಣ್ಣಿ. ಗಾಳಿಯಲ್ಲಿ ಹಾರಿ ಬಂದ ಒಂದು ಕಿಡಿ ಬಣವೆಗೆ ಬಿದ್ದರೆ ಕ್ಷಣಾರ್ಧದಲ್ಲಿ ಎಲ್ಲವೂ ಮುಗಿದು ಹೋಗುತ್ತದೆ. ಆದುದರಿಂದ ಬೆಂಕಿ ಕಂಡಾಗ ಮನೆಯವರು ಮಾಡಬೇಕಾದ ಮೊದಲ ಕೆಲಸ ಕಣ್ಣಿ ಬಿಚ್ಚುವುದು, ಬಿಚ್ಚಲಾಗದಿದ್ದರೆ ಕೊಯ್ಯುವುದು. ನೀರು ತರುವುದು ಆಮೇಲೆ.

ಪಾರಾಗಿ ಬಂದ ದನವನ್ನು ಕಂಡು ಒಡೆಯನು ನಿಟ್ಟುಸಿರು ಬಿಡುತ್ತಾನೆ. ಆದರೆ ಬಿಸಿಬೂದಿಯ ಮೇಲೆ ನಡೆದು ಬಂದ ಕಾಲಿನ ಕಥೆ ಆ ದಿನ ತಿಳಿಯುವುದಿಲ್ಲ. ಗೊರಸು ಚರ್ಮಕ್ಕೆ ಕೂಡುವ ಸಂದಿನಲ್ಲಿ ಸುಟ್ಟಿದ್ದರೆ ಮೊದಲು ಸ್ವಲ್ಪ ಬಾವು ಮಾತ್ರ ಕಾಣುತ್ತದೆ. ವಾರ ಎರಡು ವಾರಗಳ ತರುವಾಯ ಗೊರಸೇ ಸಡಿಲಗೊಂಡು ಕಳಚಿ ಬೀಳಬಹುದು. ಅದೇ ರೀತಿ ಕೆಚ್ಚಲಿನ ಚರ್ಮ ತೆಳು. ಮೊಲೆತೊಟ್ಟು ಸುಟ್ಟ ಎಮ್ಮೆ ಕರುವನ್ನು ಒದ್ದು ಓಡಿಸುತ್ತದೆ, ಕರೆಯಲೂ ಬಿಡುವುದಿಲ್ಲ. ಹಾಲು ಕಟ್ಟಿಕೊಂಡು ಕೆಚ್ಚಲು ಬಾವು ಹಿಡಿಯುತ್ತದೆ. ಆದಕಾರಣ ಬೆಂಕಿಯ ನಂತರ ಕನಿಷ್ಠ ಮೂರು ವಾರ ದಿನಕ್ಕೊಮ್ಮೆಯಾದರೂ ನಾಲ್ಕು ಗೊರಸುಗಳನ್ನೂ ಕೆಚ್ಚಲನ್ನೂ ಕೈಯಿಂದ ಮುಟ್ಟಿ ನೋಡಬೇಕೆಂದು ಪಶುವೈದ್ಯರು ಹೇಳುತ್ತಾರೆ.

ಕಾಣದ ಬೆಂಕಿ

ಜ್ವಾಲೆಗಿಂತ ಹೊಗೆಯ ಹಾವಳಿ ವ್ಯಾಪಕವಾದುದು. ಬೆಂಕಿ ಒಂದು ಗುಡ್ಡದಲ್ಲಿದ್ದರೆ ಹೊಗೆ ಹತ್ತು ಹಳ್ಳಿಗಳಲ್ಲಿರುತ್ತದೆ. ಈ ಹೊಗೆಯಲ್ಲಿ ಎರಡು ಬಗೆಯ ವಿಷಗಳುಂಟು. ಮೊದಲನೆಯದು ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ. ರಕ್ತದ ಕೆಂಪು ಕಣಗಳಲ್ಲಿ ಪ್ರಾಣವಾಯುವನ್ನು ಹೊರುವ ಪದಾರ್ಥವು ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಬೆಂಕಿಯ ತೀರ ಸಮೀಪದಲ್ಲಿರುವ ಪಶು ಇದರಿಂದಲೇ ಉಸಿರು ಕಟ್ಟಿ ಸಾಯುವುದುಂಟು.

ಎರಡನೆಯದು ಧೂಳಿನಂತಹ ಅತಿಸೂಕ್ಷ್ಮ ಕಣಗಳು. ಮನುಷ್ಯನ ಒಂದು ತಲೆಗೂದಲಿನ ದಪ್ಪವನ್ನು ಮೂವತ್ತು ಭಾಗ ಮಾಡಿದರೆ ಒಂದು ಭಾಗ ಎಷ್ಟೋ, ಅಷ್ಟೇ ಗಾತ್ರದವು. ಮೂಗಿನ ಜೊಲ್ಲಿಗೆ ಅಂಟದೆ, ಕೆಮ್ಮಿಗೆ ಹೊರಬೀಳದೆ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿ ಉರಿಯೂತ ಎಬ್ಬಿಸುತ್ತವೆ. ಉಸಿರುನಾಳದ ಒಳಗೋಡೆಯಲ್ಲಿ ಕಸವನ್ನು ಮೇಲಕ್ಕೆ ಗುಡಿಸಿ ಹಾಕುವ ಸಣ್ಣ ಕೂದಲುಗಳಿವೆ. ಹೊಗೆ ಅವುಗಳನ್ನು ಹಾಳುಗೆಡವುತ್ತದೆ. ಕಾವಲುಗಾರನೇ ಬಿದ್ದ ಮೇಲೆ ರೋಗಾಣುಗಳಿಗೆ ಬಾಗಿಲು ತೆರೆದಂತೆ. ದನಗಳ ದೇಹಗಾತ್ರಕ್ಕೆ ಹೋಲಿಸಿದರೆ ಅವುಗಳ ಶ್ವಾಸಕೋಶದ ಶಕ್ತಿ ಅಷ್ಟು ಹೆಚ್ಚಿನದಲ್ಲ. ಸಂಕಟಕಾಲಕ್ಕೆಂದು ಕೂಡಿಟ್ಟ ಉಸಿರಿನ ಗಂಟು ಅವಕ್ಕೆ ಸಣ್ಣದು. ಹೊಗೆಯಿಂದ ನೊಂದ ಉಸಿರುನಾಳ ಮತ್ತೆ ಸರಿಹೋಗಲು ನಾಲ್ಕರಿಂದ ಆರು ವಾರ ಬೇಕೆಂಬುದು ಪಶುವೈದ್ಯರ ಸಾಮಾನ್ಯ ಲೆಕ್ಕ.

ಆ ಅವಧಿ ಮುಗಿಯುವ ಮೊದಲೇ ದನವನ್ನು ಓಡಿಸಿದರೆ, ದೂರ ನಡೆಸಿದರೆ, ಲಾರಿಯಲ್ಲಿ ತುಂಬಿ ಸಾಗಿಸಿದರೆ ಅದು ಹಾಸಿಗೆಯಿಂದ ಎದ್ದ ರೋಗಿಯನ್ನು ಹೊಲಕ್ಕೆ ಅಟ್ಟಿದಂತಾಗುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕೂ ಉಂಟು. ಮಾರ್ಚ್ ಏಪ್ರಿಲಿನಲ್ಲಿ ಹೊಗೆ ಕುಡಿದ ಎಮ್ಮೆ ಚೇತರಿಸಿಕೊಳ್ಳುವಷ್ಟರಲ್ಲಿ ಮಳೆಗಾಲ ಎದುರಾಗುತ್ತದೆ. ಎಮ್ಮೆಗಳ ಪಾಲಿಗೆ ಯಮಸ್ವರೂಪಿಯಾದ ಗಳಲೆ ರೋಗ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಮುಂಗಾರಿನ ಆರಂಭದಲ್ಲಿಯೇ. ದಣಿದ, ಸೊರಗಿದ ಪಶುವಿಗೆ ಅದು ಬೇಗ ತಗಲುತ್ತದೆ. ಜೂನ್‌ನಲ್ಲಿ ಸತ್ತ ಎಮ್ಮೆಯ ಲೆಕ್ಕವನ್ನು ಯಾರೂ ಮಾರ್ಚ್‌ನ ಬೆಂಕಿಗೆ ಬರೆಯುವುದಿಲ್ಲ. ಆದರೆ ಸಾವಿನ ದಾರಿಯನ್ನು ಆ ಬೆಂಕಿಯೇ ತೋರಿಸಿರಬಹುದು. ಆದ್ದರಿಂದ ಹೊಗೆ ಹೊಕ್ಕ ಊರುಗಳಲ್ಲಿ ಮಳೆಗೆ ಮುಂಚಿನ ಗಳಲೆ ಲಸಿಕೆಯನ್ನು ಎಂದಿಗೂ ತಪ್ಪಿಸಬಾರದು.

ಹಸಿವು, ಬಿಸಿಲು, ವಿಷದ ಗಿಡ

ಗುಡ್ಡ ಉರಿದರೆ ಮೊದಲು ಹೋಗುವುದು ಮೇವು. ಒಣ ಹುಲ್ಲಾದರೂ ಅದೇ ಬೇಸಗೆಯ ಆಧಾರ. ಅದೂ ಬೂದಿಯಾದ ಮೇಲೆ ದನವು ಹಸಿರಾಗಿ ಕಂಡುದಕ್ಕೆಲ್ಲ ಬಾಯಿ ಹಾಕುತ್ತದೆ. ಸುಟ್ಟ ನೆಲದಲ್ಲಿ ಬೇಗ ಚಿಗುರುವ ಗಿಡಗಳಲ್ಲಿ ಲಂಟಾನವೂ ಒಂದು. ಹೊಟ್ಟೆ ತುಂಬಿದ ದನ ಅದನ್ನು ಮೂಸಿಯೂ ನೋಡುವುದಿಲ್ಲ; ಹಸಿದ ದನ ತಿನ್ನುತ್ತದೆ. ಅದರ ವಿಷ ಯಕೃತ್ತನ್ನು ಹಾಳುಮಾಡುತ್ತದೆ: ಕಾಮಾಲೆ, ಮಲಬದ್ಧತೆ, ಬಿಸಿಲಿಗೆ ಚರ್ಮ ಬಿರಿಯುವುದು—ಇವು ಅದರ ಗುರುತುಗಳು.

ಎಮ್ಮೆಗೆ ಇನ್ನೊಂದು ಕಷ್ಟ. ಅದರ ಮೈ ಕಪ್ಪು, ಕೂದಲು ವಿರಳ, ಬೆವರಿನ ಗ್ರಂಥಿಗಳು ಆಕಳಿಗಿಂತ ಬಹಳ ಕಡಿಮೆ. ಮೈ ತಂಪು ಮಾಡಿಕೊಳ್ಳಲು ಅದಕ್ಕೆ ನೆರಳು ಬೇಕು, ಹೊರಳಾಡಲು ಕೆಸರು ಬೇಕು. ಬೆಂಕಿಯ ನಂತರ ನೆರಳೂ ಇಲ್ಲ, ಹೊಂಡದ ನೀರಿನ ಮೇಲೆ ಬೂದಿ ತೇಲುತ್ತಿರುತ್ತದೆ. ಹೊಗೆಯಿಂದ ಉಸಿರು ಮೊದಲೇ ಕಷ್ಟವಾಗಿರುವ ಪಶುವು ಬಿಸಿಲಿಗೆ ಏದುಸಿರು ಬಿಡುತ್ತದೆ. ಏದುಸಿರಿನೊಂದಿಗೆ ಇನ್ನಷ್ಟು ಹೊಗೆಯನ್ನು ಒಳಗೆಳೆದುಕೊಳ್ಳುತ್ತದೆ.

ಹಾಲಿನ ಸಾಕ್ಷಿ

ಈಗ ವಡಗಾವಿಯ ಹಾಲಿನ ಪಾತ್ರೆಗೆ ಮರಳೋಣ. ಅಮೆರಿಕದ ಐಡಾಹೊ ವಿಶ್ವವಿದ್ಯಾಲಯದ ಸಂಶೋಧಕರು ಕಾಡ್ಗಿಚ್ಚಿನ ಹೊಗೆ ಆವರಿಸಿದ ದಿನಗಳಲ್ಲಿ ಹಾಲು ಕರೆಯುವ ಹಸುಗಳನ್ನು ಗಮನಿಸಿ ನೋಡಿದರು. ಬೆಂಕಿ ಹಸುಗಳ ಸಮೀಪಕ್ಕೆ ಬಂದಿರಲಿಲ್ಲ; ಹೊಗೆ ಮಾತ್ರ ಬಂದಿತ್ತು. ಆದರೂ ಹಾಲು ಇಳಿಯಿತು. ಹೊಗೆ ಚದುರಿದ ಮರುದಿನವೇ ಹಾಲು ಮೊದಲಿನಂತಾಗಲಿಲ್ಲ. ಸುಮಾರು ಒಂದು ವಾರದವರೆಗೂ ಅದರ ಛಾಯೆ ಉಳಿಯಿತು. ಉರಿಯೂತದ ವಿರುದ್ಧ ಹೋರಾಡಲು ದೇಹವು ವ್ಯಯಿಸುವ ಶಕ್ತಿ ಕೆಚ್ಚಲಿಗೆ ಹೋಗಬೇಕಾದ ಶಕ್ತಿಯೇ ಆಗಿರುತ್ತದೆ.

ವಾಸನೆಯ ಮಾತಿನಲ್ಲಿಯೂ ಮನೆಯಾಕೆ ಹೇಳಿದ್ದು ಭ್ರಮೆಯಲ್ಲ. ಪಶು ಉಸಿರಾಡುವ ಗಾಳಿಯ ತೀಕ್ಷ್ಣ ವಾಸನೆಗಳು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಕೆಚ್ಚಲಿಗೆ ಸಾಗಿ ಹಾಲಿನ ರುಚಿಯನ್ನು ಕೆಡಿಸಬಲ್ಲವೆಂಬುದು ಹೈನುಗಾರಿಕೆ ಬಲ್ಲವರಿಗೆ ಹಳೆಯ ಸಂಗತಿ. ತೆರೆದಿಟ್ಟ ಹಾಲು ಸುತ್ತಲಿನ ವಾಸನೆಯನ್ನು ಹೀರುತ್ತದೆಂಬುದನ್ನು ಗೃಹಿಣಿಯರಿಗೆ ಬೇರೆ ಹೇಳಬೇಕಾಗಿಲ್ಲ. ಬೆಳಗಾವಿಯ ಹೆಸರನ್ನು ದೂರದೂರಕ್ಕೆ ಒಯ್ದ ಕುಂದಾ ನಿಂತಿರುವುದು ಗಟ್ಟಿ ಹಾಲಿನ ಮೇಲೆ. ಹಾಲು ಕುದಿಸಿ ಇಂಗಿಸಿದಷ್ಟೂ ಅದರ ಗುಣದೋಷಗಳೆರಡೂ ಎದ್ದು ಕಾಣುತ್ತವೆ.

ಮಾಂಸದ ಬಣ್ಣ ಏನು ಹೇಳುತ್ತದೆ

ಇನ್ನು ಮಾಂಸದ ವಿಚಾರ. ಹೊಗೆ ಕುಡಿದ ದನದ ಮಾಂಸಕ್ಕೆ ಹೊಗೆಯ ರುಚಿ ಬರುತ್ತದೆಂದು ಕೆಲವರು ನಂಬಿದ್ದಾರೆ. ಮಾಂಸ ಕೆಡುವ ಮುಖ್ಯ ದಾರಿ ಅದಲ್ಲ. ಅದು ಇನ್ನೂ ಸೂಕ್ಷ್ಮವಾದುದು.

ಆರೋಗ್ಯವಂತ ಪಶುವಿನ ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ಒಂದು ಬಗೆಯ ಸಕ್ಕರೆ ಕೂಡಿಟ್ಟಿರುತ್ತದೆ. ಅದು ಓಟಕ್ಕೂ ದುಡಿಮೆಗೂ ಒದಗುವ ಗಂಟು. ಪಶು ಸತ್ತ ಮೇಲೆ ಈ ಸಕ್ಕರೆಯೇ ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತನೆ ಹೊಂದಿ ಮಾಂಸವನ್ನು ಹದವಾಗಿ ಹುಳಿಗೊಳಿಸುತ್ತದೆ. ಆಮ್ಲತೆಯನ್ನು ಅಳೆಯುವ ಪಿ.ಎಚ್. ಅಂಕಿಯು ಬದುಕಿದ್ದಾಗ ೭ರ ಆಸುಪಾಸಿನಲ್ಲಿರುತ್ತದೆ. ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ೫.೫ರ ಸಮೀಪಕ್ಕೆ ಇಳಿಯಬೇಕು. ಇಳಿದರೆ ಮಾಂಸ ಕೆಂಪಾಗಿ, ಮೆತ್ತಗಾಗಿ, ಸ್ವಲ್ಪ ಕಾಲ ಕೆಡದೆ ಉಳಿಯುತ್ತದೆ. ಆ ಹುಳಿಯೇ ಮಾಂಸದ ಕಾವಲು.

ಬೆಂಕಿಗೆ ಹೆದರಿ ಓಡಿದ, ದಿನಗಟ್ಟಲೆ ಮೇವಿಲ್ಲದೆ ನಿಂತ, ಏದುಸಿರಿನಿಂದ ದಣಿದ ಪಶುವು ಆ ಗಂಟನ್ನು ಬದುಕಿರುವಾಗಲೇ ಕರಗಿಸಿಕೊಂಡಿರುತ್ತದೆ. ಅಂತಹುದನ್ನು ಆ ಸ್ಥಿತಿಯಲ್ಲಿಯೇ ವಧಾಗೃಹಕ್ಕೆ ಒಯ್ದರೆ ಹುಳಿಯಾಗಲು ಸಕ್ಕರೆಯೇ ಇರುವುದಿಲ್ಲ. ಪಿ.ಎಚ್. ೬ಕ್ಕಿಂತ ಮೇಲೆಯೇ ನಿಂತುಬಿಡುತ್ತದೆ. ಮಾಂಸ ಕಪ್ಪಗೆ, ಗಟ್ಟಿಯಾಗಿ, ಮುಟ್ಟಿದರೆ ಅಂಟಂಟಾಗಿ ಕಾಣುತ್ತದೆ. ಹುಳಿಯ ಕಾವಲಿಲ್ಲದ ಕಾರಣ ಸೂಕ್ಷ್ಮಜೀವಿಗಳು ಬೇಗ ಬೆಳೆದು ಅದು ಬೇಗ ಕೊಳೆಯುತ್ತದೆ. ಜಗತ್ತಿನ ಮಾಂಸ ಮಾರುಕಟ್ಟೆಗಳಲ್ಲಿ ಇಂತಹ ಮಾಂಸಕ್ಕೆ ಬೆಲೆ ಕಡಿಮೆ. ಬಣ್ಣ ನೋಡಿಯೇ ಕೊಳ್ಳುವವನು ಹಿಂದೆ ಸರಿಯುತ್ತಾನೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಈ ಸಕ್ಕರೆಯ ಗಂಟು ಒಮ್ಮೆ ಕರಗಿದರೆ ಮತ್ತೆ ತುಂಬಲು ಒಳ್ಳೆಯ ಮೇವು, ನೀರು, ವಿಶ್ರಾಂತಿಗಳೊಂದಿಗೆ ಹಲವು ದಿನಗಳೇ ಬೇಕು. ಒಂದು ರಾತ್ರಿಯ ಮೇವಿನಿಂದ ಆಗುವ ಕೆಲಸವಲ್ಲ.

ಸುಟ್ಟಗಾಯಕ್ಕೂ ಶ್ವಾಸಕೋಶದ ಬಾವಿಗೂ ಕೊಟ್ಟ ಔಷಧಗಳದು ಇನ್ನೊಂದು ಪ್ರಶ್ನೆ. ಅವುಗಳ ಅಂಶ ನಿರ್ದಿಷ್ಟ ದಿನಗಳವರೆಗೆ ಹಾಲಿನಲ್ಲಿಯೂ ಮಾಂಸದಲ್ಲಿಯೂ ಉಳಿಯುತ್ತದೆ. ಆ ಅವಧಿ ಎಷ್ಟೆಂಬುದನ್ನು ಔಷಧ ಕೊಟ್ಟ ವೈದ್ಯರನ್ನೇ ಕೇಳಿ ತಿಳಿಯಬೇಕು. ಅದು ಮುಗಿಯುವವರೆಗೆ ಹಾಲನ್ನಾಗಲಿ ಪಶುವನ್ನಾಗಲಿ ಮಾರಲಾಗದು. ವಧೆಗೆ ಮೊದಲು ಪಶುವನ್ನು ಪರೀಕ್ಷಿಸಬೇಕೆಂಬ ನಿಯಮವಿರುವುದೂ ಇಂತಹ ಕಾರಣಗಳಿಂದಲೇ.

ಅವಸರದ ಮಾರಾಟ

ಇಲ್ಲಿ ಕಾನೂನಿನ ಮಾತನ್ನೂ ಹೇಳಬೇಕು. ೨೦೨೧ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯಿದೆಯು ಆಕಳು, ಎತ್ತು, ಹೋರಿ, ಕರುಗಳ ವಧೆಯನ್ನು ನಿಷೇಧಿಸಿತು. ಹದಿಮೂರು ವರ್ಷ ತುಂಬದ ಎಮ್ಮೆ ಕೋಣಗಳನ್ನೂ ಅದೇ ಪಟ್ಟಿಗೆ ಸೇರಿಸಿತು. ಆಗ ಬೆಳಗಾವಿಯ ಕಡೆಯಿಂದ ಬರುವ ಮಾಂಸವನ್ನು ನೆಚ್ಚಿದ್ದ ಗೋವೆಯ ಅಂಗಡಿಗಳು ಕೂಡ ತೊಂದರೆಗೆ ಸಿಲುಕಿದವು. ಈ ಕಾಯಿದೆಯ ಬಗೆಗೆ ಪರ ವಿರೋಧದ ವಾದಗಳು ನಡೆದಿವೆ. ಅವನ್ನು ತೂಗುವುದು ಇಲ್ಲಿಯ ಕೆಲಸವಲ್ಲ. ನಮ್ಮ ವಿಷಯಕ್ಕೆ ಬೇಕಾದುದು ಇಷ್ಟೆ: ಬೆಂಕಿಯಲ್ಲಿ ನೊಂದ ಆರು ವರ್ಷದ ಎಮ್ಮೆಯನ್ನು ಕಾಯಿದೆಯ ಪ್ರಕಾರ ಮಾಂಸಕ್ಕೆ ಕೊಡುವಂತಿಲ್ಲ. ಹಾಲಿಲ್ಲದ ಅದನ್ನು ಸಾಕಲು ಕೊಳ್ಳುವವರೂ ಸುಲಭವಾಗಿ ಸಿಗುವುದಿಲ್ಲ. ಅದನ್ನು ಗುಣಪಡಿಸಿಕೊಳ್ಳುವುದೊಂದೇ ಒಡೆಯನಿಗೆ ಉಳಿದ ದಾರಿ.

ವಯಸ್ಸಾದ ಎಮ್ಮೆಯಿದ್ದವನ ಮನಸ್ಸು ಬೇರೆಯ ರೀತಿ ಓಡುತ್ತದೆ. ಗುಡ್ಡ ಉರಿದಿದೆ, ಬಣವೆ ಸುಟ್ಟಿದೆ, ಮೇವು ಕೊಳ್ಳಲು ಹಣವಿಲ್ಲ; ಇದ್ದುದರಲ್ಲಿ ಬಂದಷ್ಟಕ್ಕೆ ಮಾರಿಬಿಡೋಣವೆಂದು ಆತ ಯೋಚಿಸುತ್ತಾನೆ. ಆ ವಾರ ಸುತ್ತಲಿನವರೆಲ್ಲರೂ ಅದನ್ನೇ ಯೋಚಿಸುತ್ತಿರುತ್ತಾರೆ. ಸಂತೆಯಲ್ಲಿ ದನ ಹೆಚ್ಚು, ಕೊಳ್ಳುವವರು ಕಡಿಮೆ. ಎಲುಬು ಕಾಣುವ ಪಶುವಿನ ತೂಕವೇ ಕಡಿಮೆ. ಅದರ ಮಾಂಸ ಕಪ್ಪಾಗುವುದೆಂದು ಬಲ್ಲ ವ್ಯಾಪಾರಿ ಇನ್ನಷ್ಟು ಇಳಿಸಿ ಕೇಳುತ್ತಾನೆ. ಹೀಗೆ ಬೆಂಕಿ ಒಂದು ಸಲ ಸುಟ್ಟುದನ್ನು ಅವಸರವು ಎರಡನೆಯ ಸಲ ಸುಡುತ್ತದೆ. ಕೊಂಡವನಿಗೂ ಲಾಭವಿಲ್ಲ, ತಿಂದವನಿಗೂ ತೃಪ್ತಿಯಿಲ್ಲ, ದಾರಿಯುದ್ದಕ್ಕೂ ಏದುಸಿರಿನಿಂದ ನರಳಿದ ಪಶುವಿನ ಯಾತನೆಯಂತೂ ಮಾತಿಗೆ ನಿಲುಕದು.

ಒಂದೂವರೆ ತಿಂಗಳ ತಾಳ್ಮೆ

ಹಾಗಾದರೆ ಮಾಡತಕ್ಕುದೇನು? ನಾಲ್ಕರಿಂದ ಆರು ವಾರ ಆ ಪಶುವನ್ನು ರೋಗಿಯೆಂದೇ ಎಣಿಸಬೇಕು. ದೂರದ ಮೇವಿಗೆ ಅಟ್ಟದೆ ಮನೆಯ ಸಮೀಪ ನೆರಳಿನಲ್ಲಿ ಕಟ್ಟಬೇಕು. ಬಾವಿಯ ಶುದ್ಧ ನೀರನ್ನು ಬಾಯಿಯ ಬಳಿಯೇ ಇಡಬೇಕು. ಬೂದಿ ಬಿದ್ದ ಹೊಂಡಕ್ಕೆ ಬಿಡಬಾರದು. ಮಧ್ಯಾಹ್ನ ಎಮ್ಮೆಯ ಮೈಮೇಲೆ ನೀರು ಸುರಿಯಬೇಕು. ಮೇವಿನಲ್ಲಿ ಧೂಳು ಇರಕೂಡದು. ಒಣಹುಲ್ಲನ್ನು ಸ್ವಲ್ಪ ನೀರು ಚಿಮುಕಿಸಿ ಹಾಕಿದರೆ ನೊಂದ ಗಂಟಲಿಗೆ ಹಿತ. ಎತ್ತುಗಳಿಗೆ ಉಳುಮೆ ಬೇಡ, ಗಾಡಿ ಬೇಡ. ಕೆಮ್ಮು, ಮೂಗಿನ ಕೀವು, ಬಾಯಿ ತೆರೆದು ಉಸಿರಾಡುವುದು, ಮೇವು ಬಿಡುವುದು—ಇವುಗಳಲ್ಲಿ ಒಂದು ಕಂಡರೂ ಪಶುವೈದ್ಯರನ್ನು ಕರೆಯಬೇಕು. ಸುಟ್ಟಗಾಯಕ್ಕೆ ಸಗಣಿ, ಮಸಿ, ಸುಣ್ಣಗಳನ್ನು ಬಳಿಯುವುದು ಗಾಯವನ್ನು ನಂಜಿಗೆ ಒಪ್ಪಿಸಿದಂತೆ.

ಇದಕ್ಕೆಲ್ಲ ಮೇವು ಬೇಕಲ್ಲ ಎಂದರೆ, ಮಾತಿನ ಗಂಟು ಇರುವುದೂ ಅಲ್ಲಿಯೇ. ಬಣವೆಯನ್ನು ಕೊಟ್ಟಿಗೆಯಿಂದ ದೂರ, ಒಂದೇ ದೊಡ್ಡ ರಾಶಿಯಾಗಿಸದೆ ಎರಡು ಮೂರು ಕಡೆ ಒಟ್ಟುವುದು, ಜನವರಿಯಲ್ಲಿಯೇ ಮನೆಯ ಸುತ್ತಲಿನ ಒಣಹುಲ್ಲು ಕೊಯ್ದು ನೆಲ ಬೋಳಾಗಿಸುವುದು—ಇವಕ್ಕೆ ಹಣ ಹತ್ತುವುದಿಲ್ಲ, ಮೈ ಬಗ್ಗಿದರೆ ಸಾಕು. ಕೊಯ್ದ ಹುಲ್ಲೇ ಮೇವಾಗುವುದೆಂಬುದು ಮೇಲಿನ ಲಾಭ.

ಬೆಂಕಿ ಇಡುವ ಕೈ

ನಮ್ಮ ಕಾಡುಗಳಲ್ಲಿ ತಾನಾಗಿ ಹೊತ್ತುವ ಬೆಂಕಿ ಅಪರೂಪ; ಬಹುಪಾಲು ಮನುಷ್ಯನ ಕೈಯಿಂದಲೇ ಬರುವುದು. ಜೇನು ಬಿಡಿಸುವವನ ಸೂಡಿ, ದಾರಿಹೋಕನ ಬೀಡಿ, ಹೊಲದ ಕಸ ಸುಟ್ಟು ಮರೆತವನ ಕಿಡಿ. ಇವುಗಳ ಜೊತೆಗೆ ಹಳೆಯ ನಂಬಿಕೆಯೊಂದಿದೆ: ಒಣಹುಲ್ಲಿಗೆ ಬೆಂಕಿಯಿಟ್ಟರೆ ಹೊಸ ಚಿಗುರು ಬೇಗ ಬಂದು ದನಕ್ಕೆ ಒಳ್ಳೆಯದಾಗುತ್ತದೆಂದು. ಚಿಗುರು ಬರುವುದು ನಿಜ. ಆದರೆ ಆ ಚಿಗುರು ಬರುವ ತನಕದ ವಾರಗಳಲ್ಲಿ ದನಕ್ಕೆ ಮೇವಿಲ್ಲ. ಸುತ್ತಲಿನ ಹಟ್ಟಿಗಳಿಗೆಲ್ಲ ಹೊಗೆ. ವರುಷ ವರುಷ ಸುಟ್ಟ ನೆಲದಲ್ಲಿ ಒಳ್ಳೆಯ ಹುಲ್ಲು ಹಿಂದೆ ಸರಿದು ದನ ತಿನ್ನದ ಗಿಡಗಳು ಮುಂದೆ ಬರುತ್ತವೆ. ದನದ ಹಿತಕ್ಕೆಂದು ಇಟ್ಟ ಬೆಂಕಿಯೇ ದನವನ್ನು ಮೆಲ್ಲಗೆ ತಿನ್ನುತ್ತದೆ. ಕಾಡಿಗೆ ಬೆಂಕಿಯಿಡುವುದು ಕಾನೂನಿನ ಪ್ರಕಾರ ಅಪರಾಧವೆಂಬುದು ಎಲ್ಲರಿಗೂ ತಿಳಿದ ಮಾತು. ಅದು ತನ್ನದೇ ಕೊಟ್ಟಿಗೆಯ ನಷ್ಟವೆಂಬುದು ತಿಳಿದರೆ ಕಾವಲುಗಾರನ ಕೆಲಸ ಅರ್ಧ ಹಗುರಾದೀತು.

ಅರಣ್ಯ ಇಲಾಖೆಯವರು ಬೇಸಗೆಗೆ ಮುನ್ನ ಕಾಡಿನ ನಡುವೆ ಹುಲ್ಲು ತೆಗೆದು ಬೆಂಕಿರೇಖೆಗಳನ್ನು ಹಾಕುತ್ತಾರೆ. ಋತುವಿನ ಮಟ್ಟಿಗೆ ಬೆಂಕಿಕಾವಲುಗಾರರನ್ನು ನೇಮಿಸುತ್ತಾರೆ. ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹದ ಕಣ್ಣಿನಿಂದ ಬೆಂಕಿ ಕಂಡು ಆಯಾ ರಾಜ್ಯಗಳಿಗೆ ಸುದ್ದಿ ಕಳಿಸುತ್ತದೆ. ಆಕಾಶದ ಕಣ್ಣು ಎಷ್ಟು ಚುರುಕಾಗಿದ್ದರೂ, ಸೊಪ್ಪಿನ ಕೊಂಬೆ ಹಿಡಿದು ಗುಡ್ಡ ಹತ್ತಿ ಬೆಂಕಿ ಬಡಿಯುವವನು ನೆಲದ ಮನುಷ್ಯನೇ. ಆ ಸಾಲಿನಲ್ಲಿ ಕಾವಲುಗಾರನ ಮಗ್ಗುಲಲ್ಲಿ ನಿಲ್ಲಬಲ್ಲವನು ಆ ಗುಡ್ಡದ ದಾರಿಗಳನ್ನೆಲ್ಲ ಬಲ್ಲ ಗೌಳಿ.

ಲೆಕ್ಕಕ್ಕೆ ಬಾರದ ನಷ್ಟ

ಸರಕಾರದ ವಿಪತ್ತು ಪರಿಹಾರದ ನಿಯಮಗಳಲ್ಲಿ ನೆರೆ, ಬರಗಳಂತೆ ಬೆಂಕಿಯ ಹೆಸರೂ ಉಂಟು. ದನ ಸತ್ತರೆ ಹೂಳುವ ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಪಂಚನಾಮೆ ಮಾಡಿಸಿ, ಕಾಗದಪತ್ರ ಇಟ್ಟುಕೊಳ್ಳಬೇಕು. ದುಃಖದ ಭರದಲ್ಲಿ ಇದನ್ನು ಮರೆತವನು ಆಮೇಲೆ ಕಚೇರಿಗಳ ಮೆಟ್ಟಿಲು ಸವೆಸಬೇಕಾಗುತ್ತದೆ. ಆದರೆ ಆ ಲೆಕ್ಕವೆಲ್ಲ ಸತ್ತ ಪಶುವಿನದು. ಬದುಕಿ ಉಳಿದು ಸೊರಗಿದ ಪಶುವಿನ ಲೆಕ್ಕ ಬರೆಯುವವರು ಯಾರು? ಇಳಿದ ಹಾಲು, ಕರಗಿದ ತೂಕ, ಕಳಚಿದ ಗೊರಸು, ತಪ್ಪಿದ ಗಬ್ಬ—ಇವೆಲ್ಲ ಒಡೆಯನ ಮನಸ್ಸಿನಲ್ಲಿ ಮಾತ್ರ ಬರೆದಿರುತ್ತವೆ. ನಮ್ಮ ಸೀಮೆಯಲ್ಲಿ ಬೆಂಕಿಗೆ ಸಾಯುವ ದನಗಳಿಗಿಂತ ಹೀಗೆ ಸೊರಗುವ ದನಗಳ ಕಡೆಗೆ ಹೆಚ್ಚು ಗಮನ ಕೊಡಬೇಕಾಗಿದೆ. ಬೆಂಕಿ ಬಿದ್ದ ಊರಿಗೆ ಮರುವಾರವೇ ಪಶುವೈದ್ಯರ ಒಂದು ಭೇಟಿ, ಒಂದಿಷ್ಟು ಒಣಮೇವು ಇವೆರಡು ಒದಗಿದರೆ ಅವಸರದ ಮಾರಾಟ ಎಷ್ಟೋ ನಿಲ್ಲುತ್ತದೆ.

ವಡಗಾವಿಯ ಬಾಗಿಲಲ್ಲಿ ಮುದುಕನು ಇನ್ನೂ ಕೊಳಗ ಹಿಡಿದು ನಿಂತಿದ್ದಾನೆ. ಮನೆಯಾಕೆ ಏನು ಹೇಳಿಯಾಳು? ನಾಳೆಯಿಂದ ಪಾಕೀಟಿನ ಹಾಲು ತರಿಸುವುದು ಅವಳಿಗೆ ಸುಲಭ. ಆದರೆ ಹತ್ತು ಗಿರಾಕಿಗಳು ಹಾಗೆ ಬಿಟ್ಟರೆ ಮುದುಕನಿಗೆ ಹಿಂಡಿ ಕೊಳ್ಳುವ ದುಡ್ಡು ಹುಟ್ಟುವುದಿಲ್ಲ. ಹಿಂಡಿಯಿಲ್ಲದೆ ಎಮ್ಮೆ ಏಳುವುದಿಲ್ಲ.

“ಇರಲಿ ಬಿಡ ಕಾಕಾ,” ಎನ್ನುತ್ತಾಳೆ ಆಕೆ, “ಇದ್ದಷ್ಟ ಹಾಕು. ಎಮ್ಮಿ ಆರಾಮಾದ ಮ್ಯಾಲ ಮೊದಲಿನಂಗ ತಾ.”

ಮುದುಕನು ಹಾಲು ಅಳೆದು ಹಾಕಿ, ಪದ್ಧತಿಯಂತೆ ಮೇಲೆ ಒಂದು ಕೊಸರು ಹನಿಸಿ, ಮುಂದಿನ ಬಾಗಿಲಿಗೆ ನಡೆಯುತ್ತಾನೆ. ಓಣಿಯಲ್ಲಿ ಮೊದಲ ಮಗ್ಗದ ಸದ್ದು ಕೇಳತೊಡಗುತ್ತದೆ.